ಸಿರಿ ಕಕ್ಕ ಮಾಡಿದ ಬೆಳಿಗ್ಗೆ

ಅತ್ತೆಯ ತಿಥಿಗೆಂದು ನಮ್ಮವರು ಅರಸೀಕೆರೆಯಿಂದ ವೀಳ್ಯದೆಲೆ ತಂದಿದ್ದರು. ಬಾಡಬಾರದು ಎಂದು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಡ್ರೈವರ್ ಪಕ್ಕ ಇಟ್ಟುಕೊಂಡು ಬಂದಿದ್ದರು. ಊಟ ಮುಗಿಸಿ ಏಳುವವರಿಗೆ ಎಲೆ ಅಡಿಕೆ ಜೋಡಿಸಿಡಬೇಕಿತ್ತು. ನಾನು ಹಿತ್ತಿಲ ಬಾಗಿಲ ಹತ್ತಿರ ಕೂತು ಒಂದೊಂದೇ ಎಲೆ ಒರೆಸಿ ತೊಟ್ಟು ಮುರಿಯುತ್ತಿದ್ದೆ. ಮುರಿದ ತೊಟ್ಟಿನಿಂದ ಒಂದು ವಾಸನೆ ಬರುತ್ತದೆ. ಹಸಿ ಹಸಿ, ಸ್ವಲ್ಪ ಖಾರ. ಅದು ಮೂಗಿಗೆ ಬಂದದ್ದೇ ನನ್ನ ಕೈ ನಿಂತುಹೋಯಿತು.

ಎದುರಿಗೇ ಬಚ್ಚಲು. ಒಳಗೆ ನನ್ನ ಮಗಳು ಸಿರಿ ಕೂತಿದ್ದಳು. ಅವಳಿಗೀಗ ಆರು ವರ್ಷ. ಅಜ್ಜಿ ಹೋದಾಗಿನಿಂದ ಅವಳಿಗೆ ಹೊಟ್ಟೆ ಸರಿಯಾಗಿ ಹೋಗುತ್ತಿರಲಿಲ್ಲ, ಆಮೇಲಾಮೇಲೆ ಪೂರ್ತಿ ನಿಂತೇಹೋಗಿತ್ತು. ಹಿಂದಿನ ದಿನವಷ್ಟೇ ಹಾಸನಕ್ಕೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿ, ಕರುಳಲ್ಲಿ ಏನೂ ಅಡ್ಡ ಇಲ್ಲ, ಇವಳೇ ಬಿಗಿಹಿಡಿದು ಕೂತಿದ್ದಾಳೆ ಎಂದು ಒಂದು ಸಿರಪ್ ಬರೆದುಕೊಟ್ಟರು. ಯಾಕೆ ಬಿಗಿಹಿಡಿದಿದ್ದಾಳೆ ಅನ್ನುವುದು ಅವರಿಗೂ ತಿಳಿಯಲಿಲ್ಲ. ಬೇರೆಯವರ ಮನೆಯಲ್ಲಿ ಮಗುವಿಗೆ ನಾಲ್ಕು ದಿನ ಹೊಟ್ಟೆ ಕಟ್ಟಿದರೆ ಅದು ಅಂಥ ದೊಡ್ಡ ವಿಷಯವಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ವಿಷಯ ಯಾವುದೂ ಇಲ್ಲ. ಅದು ಯಾಕೆ ಎಂದು ಹೇಳಬೇಕಾದರೆ ಅವಳು ಹುಟ್ಟಿದ ವರ್ಷಕ್ಕೆ ಹೋಗಬೇಕು.

ಅವಳು ಹುಟ್ಟಿದ್ದು ಆಷಾಢದಲ್ಲಿ. ಹಳೇಬೀಡಿನಲ್ಲಿ ಆಷಾಢ ಅಂದರೆ ಗಾಳಿ. ಕೆರೆ ಏರಿಯ ಕಡೆಯಿಂದ ಬೀಸಿತೆಂದರೆ ಒಣಹಾಕಿದ ಬಟ್ಟೆ ತಂತಿಗೇ ಸುತ್ತಿಕೊಳ್ಳುತ್ತದೆ. ದೇವಸ್ಥಾನ ನೋಡಲು ಬಂದವರು ಒಂದು ಕೈಯಲ್ಲಿ ಟೋಪಿ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡು ನಡೆಯುತ್ತಾರೆ. ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋಗಬೇಕಾದದ್ದು ಪದ್ಧತಿ. ಆದರೆ ಅರಸೀಕೆರೆಯ ನಮ್ಮ ಮನೆಯಲ್ಲಿ ಅಪ್ಪ ಬಿಟ್ಟರೆ ಬೇರೆ ಯಾರೂ ಇಲ್ಲ. ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಹೋಗಿದ್ದಳು. ಬಾಣಂತನ ನಾನೇ ಮಾಡ್ತೀನಿ ಅಂದರು ಅತ್ತೆ. ಮಾದಿಹಳ್ಳಿಯ ಹೆಣ್ಣು ಅವರು, ದನ ಕಟ್ಟಿ ಹಾಲು ಹಾಕಿ ಮಗನನ್ನು ಸಾಕಿದವರು. ಎಳೆ ಮಕ್ಕಳಿಗೆ ನೀರು ಹಾಕುವುದರಲ್ಲಿ ಅವರ ಕೈ ಹೆಸರುವಾಸಿ. ಯಾರ ಮನೆಯಲ್ಲಿ ಹೆರಿಗೆಯಾದರೂ ಬೆಳಿಗ್ಗೆ ಅವರಿಗೇ ಕರೆ ಬರುತ್ತಿತ್ತು. ಕಾಲು ನೀಡಿ, ಮಗುವನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದರೆ ಎಂಥ ಹಟಮಾರಿ ಮಗುವೂ ಮಧ್ಯಾಹ್ನದವರೆಗೆ ನಿದ್ದೆ ಮಾಡುತ್ತಿತ್ತು.

ಹೆರಿಗೆ ಬೇಲೂರಿನ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಮಗುವಿನ ಕಣ್ಣಿನ ಓರೆ, ಅಂಗೈ ಮೇಲಿನ ಒಂದೇ ಗೆರೆ, ಬೆಣ್ಣೆಯ ಹಾಗೆ ಜಾರುವ ಮೈ ನೋಡಿ ಅಲ್ಲಿನ ಡಾಕ್ಟರು ಡೌನ್ ಸಿಂಡ್ರೋಮ್ ಇರಬಹುದು, ರಕ್ತ ಪರೀಕ್ಷೆಯಾಗಬೇಕು ಅಂದರು. ಬೆಳವಣಿಗೆ ನಿಧಾನ, ಕೆಲವು ಮಕ್ಕಳಿಗೆ ಹೃದಯದಲ್ಲೋ ಹೊಟ್ಟೆಯಲ್ಲೋ ಹುಟ್ಟಿನಿಂದಲೇ ತೊಂದರೆ ಇರುತ್ತದೆ, ಮಗು ಕಪ್ಪು ಕಕ್ಕ ಮಾಡಿದ ಕೂಡಲೇ ಸಿಸ್ಟರಿಗೆ ಹೇಳಿ ಎಂದು ವಿವರಿಸಿದರು. ನಮ್ಮವರು ಕಿಟಕಿ ಕಡೆ ತಿರುಗಿ ನಿಂತರು. ನನಗೆ ಅಳುವೂ ಬರಲಿಲ್ಲ. ಅತ್ತೆ ಮಾತ್ರ ಮಗುವಿನ ಅಂಗೈ ಬಿಡಿಸಿ ಬಿಡಿಸಿ ನೋಡುತ್ತಿದ್ದರು.

"ಒಂದೇ ಗೆರೆ ಆದ್ರೇನಂತೆ," ಅಂದರು. "ಕೈ ಅಂತೂ ಗಟ್ಟಿಯಾಗಿ ಹಿಡ್ಕತೈತೆ, ನೋಡು."

ಒಂದು ಹಗಲು ಕಳೆಯಿತು, ರಾತ್ರಿಯೂ ಕಳೆಯಿತು, ಮಗು ಕಕ್ಕ ಮಾಡಲಿಲ್ಲ. ಬೆಳಿಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ಬಟ್ಟೆಯ ತುಂಬ ಕಪ್ಪಗೆ ಆಗಿತ್ತು. ಅತ್ತೆ ಗೆದ್ದವರ ಹಾಗೆ ಕೂತಿದ್ದರು. ಸಿಸ್ಟರ್ ಬಂದು ಆಯ್ತಾ ಎಂದು ಕೇಳಿದರು, ಆಯ್ತು ಅಂದೆವು. ಅವರು ಬರೆದುಕೊಂಡು ಹೋದರು. ನಡುವೆ ಅತ್ತೆ ಮಾಡಿದ್ದು ಇಷ್ಟೇ: ಎಲೆ ಅಡಿಕೆ ಚೀಲದಿಂದ ಒಂದು ವೀಳ್ಯದೆಲೆ ತೆಗೆದು, ತೊಟ್ಟು ಮುರಿದು, ಹರಳೆಣ್ಣೆಯಲ್ಲಿ ಅದ್ದಿ, ಮಗುವಿನ ಹಿಂಭಾಗಕ್ಕೆ ಮೆಲ್ಲಗೆ ತಾಗಿಸಿದ್ದರು. ನಮ್ಮ ಕಡೆ ಹೊಟ್ಟೆ ಕಟ್ಟಿದ ಮಕ್ಕಳಿಗೆ ಎಲ್ಲರೂ ಮಾಡುವುದೇ ಅದು. ಹೇಳುವಂಥ ವಿಷಯ ಎಂದು ನಮಗ್ಯಾರಿಗೂ ಅನ್ನಿಸಲಿಲ್ಲ.

ಮನೆಗೆ ಬಂದ ಮೇಲೆ ಅದೇ ನಡೆಯಿತು. ಹೊಟ್ಟೆ ನಗಾರಿಯ ಹಾಗೆ ಉಬ್ಬುತ್ತಿತ್ತು, ಸಿರಿ ಹಾಲು ಬಿಟ್ಟು ನರಳುತ್ತಿದ್ದಳು. ಅತ್ತೆ ತೊಟ್ಟು ಮುರಿಯುತ್ತಿದ್ದರು. ತಾಗಿಸಿದ್ದೇ ತಡ, ಗಾಳಿಯೂ ಮಲವೂ ಒಟ್ಟಿಗೇ ಚಿಮ್ಮಿ ಅತ್ತೆಯ ಸೀರೆ ಹಾಳಾಗುತ್ತಿತ್ತು. ಹೊಟ್ಟೆ ಇಳಿದು ಮಗು ಮತ್ತೆ ಹಾಲಿಗೆ ಬಾಯಿ ಹಾಕುತ್ತಿತ್ತು. ನೋಡಲು ಬಂದ ಹೆಂಗಸರು, ಇಂಥ ಅಜ್ಜಿ ಇದ್ದರೆ ಆಸ್ಪತ್ರೆ ಯಾಕೆ ಅನ್ನುತ್ತಿದ್ದರು. ಅತ್ತೆ ಸೀರೆ ಬದಲಾಯಿಸಲು ಎದ್ದು ಹೋಗುವಾಗ ಅವರ ನಡಿಗೆಯಲ್ಲೇ ಒಂದು ಹೆಮ್ಮೆ ಇರುತ್ತಿತ್ತು.

ಆಷಾಢ ಕಳೆದು ಶ್ರಾವಣ ಬಂದ ಮೇಲೆ ಒಂದು ಬೆಳಿಗ್ಗೆ ಸಿರಿ ಹಸಿರು ವಾಂತಿ ಮಾಡಿದಳು. ಎಲೆ ರುಬ್ಬಿ ಹೊಯ್ದ ಹಾಗೆ ಅಷ್ಟು ಹಸಿರು. ಅತ್ತೆಯ ತೊಟ್ಟಿಗೂ ಆ ದಿನ ಹೊಟ್ಟೆ ಇಳಿಯಲಿಲ್ಲ. ಪಕ್ಕದ ಮನೆಯವರ ಓಮ್ನಿಯಲ್ಲಿ ಹಾಸನಕ್ಕೆ ಓಡಿದೆವು. ಅಲ್ಲಿ ಮಕ್ಕಳ ಆಪರೇಷನ್ ಮಾಡುವ ಡಾಕ್ಟರಮ್ಮ ಒಬ್ಬರಿದ್ದರು. ಮೆಲುಮಾತಿನವರು. ಮಗುವಿನ ಹೊಟ್ಟೆ ತಟ್ಟಿ ನೋಡುತ್ತಾ, ದಿನಾ ಮೋಷನ್ ಆಗ್ತಿತ್ತಾ ಎಂದು ಕೇಳಿದರು. ನಮ್ಮವರು, ಆಗ್ತಿತ್ತು ಮೇಡಂ, ಏನೂ ತೊಂದರೆ ಇರಲಿಲ್ಲ ಅಂದರು. ಹುಟ್ಟಿದಾಗ? ಆಗಲೂ ಆಗಿತ್ತು ಅಂದರು. ಹಾಗಾದರೆ ಹೊಟ್ಟೆಯಲ್ಲಿ ಸೋಂಕಿರಬಹುದು, ಮೊದಲು ಡ್ರಿಪ್ ಹಾಕಿ ನೋಡೋಣ ಎಂದು ಅವರು ಬರೆಯತೊಡಗಿದರು.

ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಅವರ ಕೈ ಸೊಂಟದ ಎಲೆ ಅಡಿಕೆ ಚೀಲವನ್ನು ಹಿಡಿದುಕೊಂಡಿತ್ತು. ಹಳ್ಳಿಮದ್ದು ಮಾಡಿ ಮಗು ಕೆಡಿಸಿದ್ದೀರಿ ಎಂದು ಡಾಕ್ಟರುಗಳು ಮುದುಕಿಯರನ್ನು ಬಯ್ಯುವುದನ್ನು ಅವರು ಎಷ್ಟೋ ಸಲ ಕಂಡವರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ತಾನಾಗೇ ಆಗ್ತಿರ್ಲಿಲ್ಲ ಕಣವ್ವಾ," ಅಂದರು. "ನಾನು ಆಗಿಸ್ತಿದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅತ್ತೆ ಚೀಲ ಬಿಚ್ಚಿ ಎಲೆ ತೆಗೆದು, ತೊಟ್ಟು ಮುರಿದು ತೋರಿಸಿದರು. ಹುಟ್ಟಿದ ಮಾರನೆಯ ದಿನದಿಂದ ಮಾಡಿದ್ದನ್ನೆಲ್ಲ ಹೇಳಿದರು. ಡಾಕ್ಟರಮ್ಮ ಬಯ್ಯಲಿಲ್ಲ. ತೊಟ್ಟು ತಾಗಿಸಿದಾಗ ಹೇಗೆ ಬರುತ್ತಿತ್ತು, ಸ್ವಲ್ಪ ಸ್ವಲ್ಪವೋ ಒಮ್ಮೆಲೇ ಚಿಮ್ಮುತ್ತಿತ್ತೋ ಎಂದು ಮಾತ್ರ ಕೇಳಿದರು.

"ಬಸ್ಸಿನ ಟಯರ್ ಗಾಳಿ ಬಿಟ್ಟಂಗೆ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಡ್ರಿಪ್ ಜೊತೆಗೆ ಅವತ್ತೇ ಒಂದು ಎಕ್ಸ್‌ರೇ, ಆಮೇಲೆ ಕರುಳಿನ ತುದಿಯ ಒಂದು ಚೂರು ತೆಗೆದು ಪರೀಕ್ಷೆ ಎಲ್ಲ ಆಯಿತು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಅನ್ನದ ಹಾದಿ ಎಲ್ಲಾದರೂ ಒಂದು ಕಡೆ ಸರಿಯಾಗಿ ಕೂಡಿರುವುದಿಲ್ಲವಂತೆ. ಕೆಲವರಿಗೆ ಅನ್ನನಾಳ, ಕೆಲವರಿಗೆ ಹೊಟ್ಟೆಯ ಕೆಳಗಿನ ಕರುಳು, ಕೆಲವರಿಗೆ ಮಲದ್ವಾರವೇ ತೆರೆದಿರುವುದಿಲ್ಲ. ಸಿರಿಗೆ ಕರುಳಿನ ಕೊನೆಯ ತುಂಡಿನಲ್ಲಿ ನರ ಬೆಳೆದಿರಲಿಲ್ಲ. ಮೇಲಿನ ಕರುಳು ತಳ್ಳಿದ್ದು ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಮುಂದೆ ತಳ್ಳಬೇಕೆಂದು ಆ ತುಂಡಿಗೆ ಗೊತ್ತೇ ಇರಲಿಲ್ಲ. ಅತ್ತೆಯ ತೊಟ್ಟು ಬಾಗಿಲು ತೆಗೆಯುತ್ತಿತ್ತು, ಅಷ್ಟೇ. ಹಾಗಾಗಿ ಬಾಗಿಲು ಕೆಟ್ಟಿದೆ ಎಂದು ಯಾರಿಗೂ ತಿಳಿಯಲಿಲ್ಲ. ಬಸುರಿಯಾಗಿದ್ದಾಗ ಇವಳು ಗ್ರಹಣದ ದಿನ ಹೊರಗೆ ಬಂದಿದ್ದಳು, ಅದರಿಂದಲೋ ಎಂದು ಅತ್ತೆ ಕೇಳಿದರು. ಯಾರ ತಪ್ಪೂ ಅಲ್ಲಜ್ಜಿ, ನಿಮ್ಮದೂ ಅಲ್ಲ, ಆದರೆ ಇನ್ನು ಮೇಲೆ ತೊಟ್ಟು ಬೇಡ ಅಂದರು ಡಾಕ್ಟರಮ್ಮ. ಹೊರಗೆ ಬಂದ ಅತ್ತೆ ಚೀಲದಲ್ಲಿದ್ದ ಎಲೆಯನ್ನೆಲ್ಲ ಕಸದ ಡಬ್ಬಿಗೆ ಸುರಿದರು. ಎಲೆ ಅಡಿಕೆ ಹಾಕುವುದನ್ನೇ ಅವತ್ತು ಬಿಟ್ಟರು.

ಎರಡು ಆಪರೇಷನ್ ಆಗಬೇಕಿತ್ತು. ಮೊದಲನೆಯದರಲ್ಲಿ ಕರುಳನ್ನು ಹೊಟ್ಟೆಯ ಮೇಲೆ ಹೊರಕ್ಕೆ ತಂದು ಅಲ್ಲಿಂದಲೇ ಮಲ ಹೋಗುವ ಹಾಗೆ ಮಾಡಿದರು. ಮಗು ತೂಕ ಬಂದ ಮೇಲೆ ಕೆಟ್ಟ ತುಂಡು ತೆಗೆದು, ಒಳ್ಳೆಯ ಕರುಳನ್ನು ಕೆಳಕ್ಕೆ ಎಳೆದು ಕೂಡಿಸುತ್ತೇವೆ ಅಂದರು. ಹೊಟ್ಟೆಯ ಮೇಲೆ ಕೆಂಪು ಗುಲಾಬಿ ಮೊಗ್ಗಿನಂತಿದ್ದ ಅದನ್ನು ನೋಡಿ ನನಗೆ ಮೊದಲ ದಿನ ತಲೆ ಸುತ್ತಿತು. ಅತ್ತೆ ತಮ್ಮ ಹಳೆಯ ವಾಯಿಲ್ ಸೀರೆಗಳನ್ನು ಹರಿದು ಮೆತ್ತನೆಯ ಪಟ್ಟಿ ಮಾಡಿದರು. ಸುತ್ತ ಚರ್ಮ ಸುಡದ ಹಾಗೆ ಬಿಳಿ ಮುಲಾಮು ಹಚ್ಚಿ ಕಟ್ಟುವುದನ್ನು ಸಿಸ್ಟರಿಂದ ಕಲಿತರು. ನಮ್ಮ ಹಿತ್ತಿಲಿನ ತಂತಿಯ ಮೇಲೆ ಆ ಪಟ್ಟಿಗಳು ಗಾಳಿಗೆ ಪಟಪಟ ಹಾರಾಡುತ್ತಿದ್ದವು, ಯಾವುದೋ ಹಬ್ಬಕ್ಕೆ ಬಾವುಟ ಕಟ್ಟಿದ ಹಾಗೆ.

ಆಮೇಲಿನ ತಿಂಗಳುಗಳು ನನಗೆ ಓಟದ ಸ್ಪರ್ಧೆಯ ಹಾಗೆ ನೆನಪಾಗುತ್ತವೆ. ಎಲ್ಲರಿಗೂ ಒಂದೇ ಗುರಿ, ಸಿರಿಯ ತೂಕ. ನಮ್ಮವರು ಅರಸೀಕೆರೆಗೂ ಬೇಲೂರಿಗೂ ಓಡಾಡುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಮಾತು ಕಮ್ಮಿ. ಆದರೆ ದಿನಾ ಅದೇ ಬಸ್ಸಿಗೆ ಹತ್ತುವವರಿಗೆ ವಿಷಯ ಮುಚ್ಚಿಡಲು ಆಗುತ್ತದೆಯೇ? ಜಾವಗಲ್ಲಿನಲ್ಲಿ ಹತ್ತುವ ಟೀಚರಮ್ಮ ಟಿಕೆಟ್ ಕೇಳುವ ಮೊದಲು ತೂಕ ಕೇಳುತ್ತಿದ್ದರು. ತರಕಾರಿ ಮೂಟೆ ಹಾಕಿಕೊಂಡು ಬರುವ ಒಬ್ಬ ತಾತ, ಹೊಟ್ಟೆ ಮೇಲಿನ ಬಾಗಿಲು ಯಾವಾಗ ಮುಚ್ತಾರೆ ಕಂಡಕ್ಟ್ರೇ ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದನಂತೆ. ಡ್ರೈವರ್ ಚಂದ್ರಣ್ಣ ಕನ್ನಡಿಯಲ್ಲೇ ನೋಡಿ, ಹಿಂಬಾಗಿಲು ರಿಪೇರಿ ಆಗೋವರ್ಗೂ ಮುಂಬಾಗಿಲಲ್ಲೇ ಇಳೀಬೇಕು ಕಣ್ ತಾತ ಅನ್ನುತ್ತಿದ್ದ. ನಮ್ಮವರಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಬರಬರುತ್ತಾ ಮನೆಗೆ ಬಂದ ಕೂಡಲೇ ಅವರೇ ಬಸ್ಸಿನ ಜೋಕು ಹೇಳತೊಡಗಿದರು. ಮಗು ಹುಟ್ಟಿದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಸಿರಿಯೂ ನಕ್ಕಳು. ಬೇರೆ ಮಕ್ಕಳಿಗಿಂತ ತಡವಾಗಿ, ಕಾರ್ತೀಕದ ಒಂದು ಬೆಳಿಗ್ಗೆ, ಅತ್ತೆಯ ಕಾಲ ಮೇಲೆ ನೀರು ಹಾಕಿಸಿಕೊಳ್ಳುತ್ತಾ. ಅತ್ತೆ ಚೊಂಬು ಕೈಯಲ್ಲೇ ಹಿಡಿದು ಮಗುವಿಗೆ ನೆಗಡಿಯಾಗುವಷ್ಟು ಹೊತ್ತು ನೋಡುತ್ತಾ ಕೂತುಬಿಟ್ಟರು.

ಶಿವರಾತ್ರಿ ಕಳೆದ ಮೇಲೆ ಎರಡನೇ ಆಪರೇಷನ್ ಆಯಿತು. ಡಾಕ್ಟರಮ್ಮ ಹೊರಗೆ ಬಂದು, ನಮ್ಮ ಕೆಲಸ ಚೆನ್ನಾಗಿ ಆಗಿದೆ, ಇನ್ನು ಅವಳ ಕೆಲಸ ಅಂದರು. ಅವಳ ಕೆಲಸ ಅಂದರೆ, ಯಾರೂ ಏನೂ ತಾಗಿಸದೆ, ತಾನಾಗಿ, ಹುಟ್ಟಿದ ಮೇಲೆ ಮೊಟ್ಟಮೊದಲ ಸಲ ಎಲ್ಲರಂತೆ ಕಕ್ಕ ಮಾಡುವುದು. ಆ ಕಾಯುವಿಕೆಯನ್ನು ಹೇಗೆ ಹೇಳಲಿ? ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಹಾಗೆ ಕಾದವಳಲ್ಲ. ಮಗು ಮಿಸುಕಿದರೆ ಅತ್ತೆಯೂ ನಾನೂ ಬಟ್ಟೆ ಎತ್ತಿ ನೋಡುತ್ತಿದ್ದೆವು. ವಾರ್ಡಿನ ಆಯಾ ಕಸ ಗುಡಿಸುತ್ತಾ ಬಂದು ಹುಬ್ಬೇರಿಸುತ್ತಿದ್ದಳು, ನಾವು ತಲೆಯಾಡಿಸುತ್ತಿದ್ದೆವು. ರಜೆ ಮುಗಿದು ನಮ್ಮವರು ಬಸ್ಸಿಗೆ ಹೋಗಲೇಬೇಕಾಯಿತು.

ಅವತ್ತು ಬೆಳಿಗ್ಗೆ ಕಿಟಕಿಯಿಂದ ಎಳೆ ಬಿಸಿಲು ಬಂದು ಮಗುವಿನ ಕಾಲ ಮೇಲೆ ಬಿದ್ದಿತ್ತು. ಸಿರಿ ಎರಡೂ ಕಾಲು ಮಡಚಿ ಮುಖ ಕೆಂಪಗೆ ಮಾಡಿಕೊಂಡಳು. ಅತ್ತೆ ನನ್ನ ಮೊಣಕೈ ಹಿಡಿದು ಅದುಮಿದರು. ಒಂದು ಸಣ್ಣ ಸದ್ದು ಬಂತು, ಚಿಮ್ಮಿದ್ದಲ್ಲ, ಎಲ್ಲ ಮಕ್ಕಳಿಗೂ ಬರುವಂಥದ್ದು. ಬಟ್ಟೆಯ ಮೇಲೆ ಹಳದಿ. ಅತ್ತೆ ಬಗ್ಗಿ, ಕಣ್ಣರಳಿಸಿ ನೋಡಿ, ಅದನ್ನು ಹಾಗೇ ಎತ್ತಿಕೊಂಡು ಸಿಸ್ಟರ್ ಟೇಬಲ್ಲಿನವರೆಗೂ ಹೋದರು, ಪ್ರಸಾದ ಹಿಡಿದವರ ಹಾಗೆ. ಪಕ್ಕದ ಹಾಸಿಗೆಯವರೆಲ್ಲ ಎದ್ದು ನಿಂತರು.

ನಾನು ನಮ್ಮವರಿಗೆ ಫೋನು ಹಚ್ಚಿದೆ. ಅತ್ತೆ ಕಿತ್ತುಕೊಂಡರು. ಆ ಕಡೆ ಬಸ್ಸು ಜಾವಗಲ್ ಬಿಟ್ಟು ಹಳೇಬೀಡಿನ ಕಡೆ ಬರುತ್ತಿತ್ತು.

"ಮಂಜಾ, ಹೊಂಟ್ತು ಕಣ್ಲಾ," ಅಂದರು ಅತ್ತೆ. "ತಾನಾಗೇ ಹೊಂಟ್ತು."

ಮುಂದಿನದು ಚಂದ್ರಣ್ಣ ಹೇಳಿದ್ದು. ಫೋನು ಕಿವಿಗಿಟ್ಟುಕೊಂಡ ಕಂಡಕ್ಟರ್ ಕಂಬ ಹಿಡಿದು ನಿಂತುಬಿಟ್ಟರಂತೆ. ಕೆಟ್ಟ ಸುದ್ದಿ ಎಂದುಕೊಂಡು ಚಂದ್ರಣ್ಣ ಬಸ್ಸನ್ನು ಪಕ್ಕಕ್ಕೆ ಹಾಕಿದ. ಟೀಚರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಆಗ ನಮ್ಮವರು ಜೇಬಿನ ಸೀಟಿ ತೆಗೆದು ಊದಿದರು, ನಿಲ್ಲಿಸದೆ ಊದಿದರು. ಹೊಲದಲ್ಲಿದ್ದವರೂ ತಿರುಗಿ ನೋಡಿದರಂತೆ. ಆಮೇಲೆ ಅಂದದ್ದು ಎರಡೇ ಮಾತು, "ಕಕ್ಕ ಮಾಡ್ತು." ಅಷ್ಟಕ್ಕೇ ಬಸ್ಸಿನ ತುಂಬ ಚಪ್ಪಾಳೆ. ಕಿಟಕಿ ಪಕ್ಕ ಕೂತಿದ್ದ, ದೇವಸ್ಥಾನ ನೋಡಲು ಹೊರಟ ಹೊರಗಿನವರೂ ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದರಂತೆ. ತರಕಾರಿ ತಾತ ಮಾತ್ರ ವಿವರ ಬೇಕೆಂದ.

"ಎಷ್ಟು ಅಂತ ಕೇಳ್ತಾವ್ರೆ ಕಣವ್ವಾ," ಅಂದರು ನಮ್ಮವರು ಫೋನಿನಲ್ಲಿ.

"ಬಸ್ಸಿಗೆಲ್ಲ ಸಾಕಾಗೋಷ್ಟೈತೆ ಅಂತ ಹೇಳು."

ನಗುವಿನ ಸದ್ದು ಹಾಸನದ ಆ ವಾರ್ಡಿನವರೆಗೂ ಕೇಳಿಸಿತು. ಅದರ ನಡುವೆ ನಮ್ಮವರ ಗಂಟಲು, "ರೈಟ್, ರೈಟ್" ಎಂದು ಕೂಗಿದ್ದು, ಬಸ್ಸು ಗುರ್ರೆಂದು ಹೊರಟದ್ದು. ಅತ್ತೆ ಫೋನನ್ನು ಮಗುವಿನ ಕಿವಿಗೆ ಹಿಡಿದು ಅದನ್ನು ಕೇಳಿಸಿದರು.

ಕೆಲವು ವಾರ ಬಿಟ್ಟು, ಕೂಡಿಸಿದ ಜಾಗ ಬಿಗಿಯಾಗದಂತೆ ದಿನಾ ಒಂದು ನಯವಾದ ಕಡ್ಡಿಯಿಂದ ಹಿಗ್ಗಿಸಬೇಕು, ಮನೆಯಲ್ಲಿ ಯಾರಾದರೂ ಕಲಿಯಿರಿ ಅಂದರು ಡಾಕ್ಟರಮ್ಮ. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಹಿಂದೆ ಸರಿದರು. ನನ್ನ ಕೈಯನ್ನು ನಂಬಬ್ಯಾಡ್ರವ್ವ, ಒಂದು ಸಲ ಮೋಸ ಮಾಡೈತೆ ಅಂದರು. ಡಾಕ್ಟರಮ್ಮ ಕಡ್ಡಿಯನ್ನು ಅವರ ಕೈಗೇ ಕೊಟ್ಟರು. ಸಿರಿ ಅತ್ತೆಯ ಮುಖವನ್ನೇ ನೋಡುತ್ತಾ ಮಲಗಿದ್ದಳು, ಅಳಲಿಲ್ಲ. ಮುಂದೆ ತಿಂಗಳುಗಟ್ಟಲೆ ಅದನ್ನು ಮಾಡಿದ್ದು ಅತ್ತೆಯೇ.

ಕಡ್ಡಿ ನಿಂತ ಮೇಲೂ ಒಂದು ಪದ್ಧತಿ ಉಳಿಯಿತು. ಸಿರಿ ತಡವಾಗಿ ನಡೆದಳು, ತಡವಾಗಿ ಮಾತಾಡಿದಳು. ಈಗಲೂ ಅವಳ ಮಾತು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಆದರೆ ಬಚ್ಚಲಿನಲ್ಲಿ ಕೂತಾಗ ಅತ್ತೆ ಬಾಗಿಲ ಹೊರಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಬಸ್ಸು ಹೊಂಟ್ತೇನವ್ವಾ ಎಂದು ಕೇಳುತ್ತಿದ್ದರು. ಒಳಗಿನಿಂದ ಕಂಡಕ್ಟರ್ ಮಗಳು ಸ್ಪಷ್ಟವಾಗಿ, ರೈಟ್ ಅನ್ನುತ್ತಿದ್ದಳು. ಬೆಳಿಗ್ಗೆ ನಮ್ಮ ಮನೆ ಶುರುವಾಗುತ್ತಿದ್ದುದೇ ಹಾಗೆ. ಒಲೆಯ ಮುಂದೆ ಇದ್ದ ನನಗೆ ಅದು ಹಾಲು ಉಕ್ಕಿದ ಸದ್ದಿನಂತೆ, ಕಿವಿಗೆ ಬಿದ್ದೂ ಬೀಳದಂತೆ.

ಅತ್ತೆ ಈ ವರ್ಷ ಮಾಘದ ಚಳಿಯಲ್ಲಿ, ಹಾಲು ಕರೆದು ಬಂದು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತವರು ಹಾಗೇ ಹೋದರು. ಯಾರಿಗೂ ಒಂದು ಲೋಟ ನೀರು ಕೇಳಲಿಲ್ಲ.

ಹತ್ತನೆಯ ದಿನ ಆ ತೊಟ್ಟಿನ ವಾಸನೆಯಲ್ಲಿ ಇದೆಲ್ಲ ಒಟ್ಟಿಗೆ ಬಂದು ಹೋಯಿತು. ಹೊರಗೆ ನಮ್ಮವರು ಶಾಮಿಯಾನದವರ ಜೊತೆ ಗೂಟ ಹೊಡೆಸುತ್ತಿದ್ದರು. ನನ್ನ ಕೈಯಲ್ಲಿ ಮುರಿದ ತೊಟ್ಟು ಇತ್ತು, ಅಟ್ಟಣಿಗೆಯಲ್ಲಿ ಹರಳೆಣ್ಣೆಯ ಸೀಸೆ ಇತ್ತು. ಬೇಡ ಅಂದಿದ್ದಾರೆ ಎಂದು ಗೊತ್ತು. ಆದರೂ ಮಗುವಿನ ಹೊಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಎದ್ದು ಬಚ್ಚಲ ಬಾಗಿಲು ತಳ್ಳಿದೆ.

ಸಿರಿ ಮೊಣಕಾಲ ಮೇಲೆ ಗಲ್ಲ ಇಟ್ಟುಕೊಂಡು ಕೂತಿದ್ದಳು. ನನ್ನ ಕೈಯನ್ನು ನೋಡಲಿಲ್ಲ. ನನ್ನ ಬೆನ್ನ ಹಿಂದೆ, ಬಾಗಿಲ ಆಚೆ ಇಣುಕಿದಳು.

"ಅಜ್ಜಿ ಕೇಳ್ಲಿಲ್ಲ," ಅಂದಳು.

ನಾನು ತೊಟ್ಟನ್ನು ಬಿಸಾಡಿ ಹೊರಗೆ ಬಂದೆ. ಬಾಗಿಲು ಮುಂದಕ್ಕೆ ಎಳೆದುಕೊಂಡೆ. ಸೊಂಟದ ಮೇಲೆ ಕೈಯಿಟ್ಟೆ.

"ಬಸ್ಸು ಹೊಂಟ್ತೇನವ್ವಾ?"

ಹೊರಗೆ ಗೂಟದ ಮೇಲೆ ಸುತ್ತಿಗೆ ಬೀಳುತ್ತಿತ್ತು. ಇನ್ನೊಂದು ಸಲ ಕೇಳಿದೆ, ಅತ್ತೆಯಷ್ಟೇ ಗಟ್ಟಿಯಾಗಿ, ಮಾದಿಹಳ್ಳಿಯ ರಾಗದಲ್ಲಿ. ಸುತ್ತಿಗೆ ನಿಂತಿತು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಗಾಳಿ ಹೋದ ಸದ್ದು, ಅದರ ಹಿಂದೆಯೇ ಬೇರೆ ಸದ್ದು, ಆಮೇಲೆ ಅವಳ ದನಿ.

"ರೈಟ್!"

ನಮ್ಮವರು ಚಪ್ಪಲಿ ಸಮೇತ ಹಿತ್ತಿಲವರೆಗೆ ಓಡಿ ಬಂದಿದ್ದರು. ಕೂದಲಲ್ಲಿ ಮಣ್ಣು, ಕೈಯಲ್ಲಿ ಹಗ್ಗ. ಹತ್ತು ದಿನದಿಂದ ಅವರು ಬಂದವರಿಗೆ ಕುರ್ಚಿ ಹಾಕುವುದು, ಅಡುಗೆಯವರನ್ನು ಕಾಣುವುದು ಇಷ್ಟೇ ಮಾಡುತ್ತಿದ್ದರು. ಅತ್ತದ್ದನ್ನು ನಾನು ನೋಡಿರಲಿಲ್ಲ.

"ಎಷ್ಟು?" ಅಂದರು.

"ಬಸ್ಸಿಗೆಲ್ಲ ಸಾಕಾಗೋಷ್ಟು," ಅಂದೆ.

ನಗಲು ಹೋದವರು ಬಚ್ಚಲ ಮೆಟ್ಟಿಲ ಮೇಲೆ ಕುಸಿದು ಕೂತು, ಹಗ್ಗದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಶಾಮಿಯಾನದವರು ಆ ಕಡೆ ತಿರುಗಿ ನಿಂತರು. ನಾನು ಅವರ ಹೆಗಲ ಮೇಲೆ ಕೈಯಿಡುವಷ್ಟರಲ್ಲಿ ಸಿರಿ ಒಳಗಿನಿಂದ, ನೀರು ಹಾಕು ಎಂದು ಕೂಗಿದಳು. ಹಂಡೆಯಿಂದ ಬಿಸಿನೀರು ತುಂಬಿಕೊಂಡು ಒಳಗೆ ಹೋದೆ.